ಬೆಳಗಿನ ಪೆಟ್ರೋಲ್‌ನಲ್ಲಿ ಲಾಭ ಇದೆಯೇ? ಲೀಟರ್ ಮತ್ತು ಕಿಲೋ ನಡುವಿನ ಲೆಕ್ಕ ಹಿಡಿದು ಬಾಳಿದ ಮೆಂಡಲೀವ್ ಕಥೆ

ಬೇಸಿಗೆ ಶುರುವಾಗುತ್ತಿದ್ದಂತೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಹಳೆಯ ಸಂದೇಶ ಮತ್ತೆ ಓಡಾಡತೊಡಗುತ್ತದೆ. ಪೆಟ್ರೋಲ್, ಡೀಸೆಲ್ ಬೆಳಗಿನ ಜಾವವೇ ಹಾಕಿಸಿ, ಆಗ ನೆಲ ತಂಪಾಗಿರುತ್ತದೆ, ಇಂಧನ ಗಟ್ಟಿಯಾಗಿರುತ್ತದೆ, ಮಧ್ಯಾಹ್ನ ಹಾಕಿಸಿದರೆ ಹಿಗ್ಗಿದ ಇಂಧನಕ್ಕೆ ದುಡ್ಡು ಸುರಿದಂತೆ ಎಂಬುದು ಅದರ ತಿರುಳು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲೇ ಇರಲಿ, ಬೈಕು ಅಥವಾ ಟ್ರ್ಯಾಕ್ಟರ್ ಇರುವ ಯಾರ ಮೊಬೈಲ್‌ಗಾದರೂ ಇದು ಬಂದಿರುವ ಸಾಧ್ಯತೆ ಹೆಚ್ಚು.

ಈ ಸಂದೇಶ ಪೂರ್ತಿ ಸುಳ್ಳಲ್ಲ. ಆದರೆ ಅದು ಕೊಡುವ ಸಲಹೆಯಿಂದ ನಿಮ್ಮ ಜೇಬಿಗೆ ಉಳಿತಾಯವೂ ಇಲ್ಲ. ಎರಡೂ ಹೇಗೆ ನಿಜ ಎಂದು ತಿಳಿಯಲು ನಾವು ಒಬ್ಬ ವಿಜ್ಞಾನಿಯ ಬದುಕನ್ನು ನೋಡೋಣ. ಅವರ ಹೆಸರು ಶಾಲೆಯಲ್ಲೇ ಕೇಳಿರುತ್ತೀರಿ: ದಿಮಿತ್ರಿ ಮೆಂಡಲೀವ್. ಮೂಲವಸ್ತುಗಳ ಆವರ್ತ ಕೋಷ್ಟಕ ಮಾಡಿದವರು ಎಂಬುದು ಎಲ್ಲರಿಗೂ ಗೊತ್ತು. ಗಾತ್ರ, ತೂಕ, ಬಿಸಿ ಈ ಮೂರರ ನಂಟನ್ನು ಅವರು ಬದುಕಿನುದ್ದಕ್ಕೂ ಬೆನ್ನು ಹತ್ತಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಮೊದಲು ಸೇರಿನ ಲೆಕ್ಕ

ಒಂದು ಸೇರು ಜೋಳ, ಒಂದು ಸೇರು ಚುರುಮುರಿ ತೆಗೆದುಕೊಳ್ಳಿ. ಸೇರು ಒಂದೇ, ತೂಕ ಒಂದೇ ಅಲ್ಲ. ಸೇರು ಅಳೆಯುವುದು ಜಾಗವನ್ನು, ತಕ್ಕಡಿ ಅಳೆಯುವುದು ಒಳಗಿರುವ ಸರಕನ್ನು. ಗೋವಿನಜೋಳವನ್ನು ಮಾರುಕಟ್ಟೆಯಲ್ಲಿ ಕ್ವಿಂಟಲ್ ಲೆಕ್ಕದಲ್ಲಿ ಮಾರುವುದು ಇದಕ್ಕಾಗಿಯೇ. ಚೀಲದ ಎತ್ತರ ನೋಡಿ ಯಾರೂ ರೇಟು ಕಟ್ಟುವುದಿಲ್ಲ.

ಪೆಟ್ರೋಲ್ ಮಾತ್ರ ನಮಗೆ ಇಂದಿಗೂ ಸೇರಿನ ಲೆಕ್ಕದಲ್ಲೇ ಸಿಗುತ್ತದೆ, ಅಂದರೆ ಲೀಟರ್‌ನಲ್ಲಿ. ಎಂಜಿನ್‌ಗೆ ಬೇಕಿರುವುದು ತೂಕ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಅನುಪಾತ ಗ್ರಾಂಗಳದ್ದು, ಲೀಟರ್‌ಗಳದ್ದಲ್ಲ. ಜಾಗ ಮತ್ತು ಸರಕಿನ ನಡುವಿನ ಸೇತುವೆಯೇ ಸಾಂದ್ರತೆ: ಒಂದು ಲೀಟರ್‌ನಲ್ಲಿ ಎಷ್ಟು ಕಿಲೋ ಇದೆ ಎಂಬ ಸಂಖ್ಯೆ. ಇಂಧನ ಬಿಸಿಯಾದಂತೆ ಈ ಸಂಖ್ಯೆ ಇಳಿಯುತ್ತದೆ. ಫಾರ್ವರ್ಡ್ ಸಂದೇಶ ಹುಟ್ಟಿಕೊಂಡಿದ್ದು ಇಲ್ಲಿಂದಲೇ.

ಗಾಜಿನ ಕಾರ್ಖಾನೆಯ ಮನೆ

ಮೆಂಡಲೀವ್ ಹುಟ್ಟಿದ್ದು 1834ರ ಫೆಬ್ರುವರಿ 8ರಂದು, ಸೈಬೀರಿಯಾದ ಟೊಬೊಲ್ಸ್ಕ್ ಊರಿನಲ್ಲಿ. ಮನೆ ತುಂಬ ಮಕ್ಕಳು, ಇವರು ಎಲ್ಲರಿಗಿಂತ ಕಿರಿಯರು. ತಂದೆ ಇವಾನ್ ಶಾಲೆಯ ಮುಖ್ಯಸ್ಥರಾಗಿದ್ದರು. ಮಗ ಹುಟ್ಟಿದ ವರ್ಷವೇ ಅವರ ಕಣ್ಣು ಹೋಯಿತು, ಕೆಲಸವೂ ಹೋಯಿತು. ತಾಯಿ ಮರಿಯಾ ತನ್ನ ತವರಿನವರಿಗೆ ಸೇರಿದ ಗಾಜಿನ ಕಾರ್ಖಾನೆ ನಡೆಸಿ ಸಂಸಾರ ಸಾಗಿಸಿದರು.

1847ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಕಾರ್ಖಾನೆಗೆ ಬೆಂಕಿ ಬಿತ್ತು. ತಾಯಿ ಎದೆಗುಂದಲಿಲ್ಲ. ಕಿರಿಯ ಮಗನನ್ನು ಓದಿಸಲೇಬೇಕೆಂದು ಸಾವಿರಾರು ಕಿಲೋಮೀಟರ್ ದೂರದ ಮಾಸ್ಕೋಗೆ ಕರೆದೊಯ್ದರು. ಅಲ್ಲಿ ಸೀಟು ಸಿಗದಿದ್ದಾಗ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು. 1850ರಲ್ಲಿ ಅಲ್ಲಿನ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಮಗನಿಗೆ ಪ್ರವೇಶ ಸಿಕ್ಕಿತು. ಅದೇ ವರ್ಷ ತಾಯಿ ಕಣ್ಣುಮುಚ್ಚಿದರು. ಬಹಳ ವರ್ಷಗಳ ನಂತರ ಮೆಂಡಲೀವ್ ತಮ್ಮ ಒಂದು ದೊಡ್ಡ ಗ್ರಂಥವನ್ನು ತಾಯಿಯ ನೆನಪಿಗೆ ಅರ್ಪಿಸಿದರು. ಆ ಗ್ರಂಥದ ವಿಷಯ ದ್ರಾವಣಗಳ ಸಾಂದ್ರತೆ.

ಮೊದಲ ಪ್ರಬಂಧವೇ ಗಾತ್ರದ ಮೇಲೆ

1856ರಲ್ಲಿ 22ರ ಹರೆಯದ ಮೆಂಡಲೀವ್ ಸ್ನಾತಕೋತ್ತರ ಪದವಿಗೆ ಬರೆದ ಪ್ರಬಂಧದ ವಿಷಯ ವಸ್ತುಗಳ ವಿಶಿಷ್ಟ ಗಾತ್ರ, ಅಂದರೆ ಇಂತಿಷ್ಟು ತೂಕದ ವಸ್ತು ಎಷ್ಟು ಜಾಗ ಹಿಡಿಯುತ್ತದೆ ಎಂಬುದು. 1859ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋದಾಗಲೂ ಬೆನ್ನು ಹತ್ತಿದ್ದು ಇದನ್ನೇ. ಬಾಡಿಗೆ ಮನೆಯಲ್ಲೇ ಚಿಕ್ಕ ಪ್ರಯೋಗಾಲಯ ಮಾಡಿಕೊಂಡು, ದ್ರವಗಳು ಬಿಸಿಗೆ ಎಷ್ಟು ಹಿಗ್ಗುತ್ತವೆ ಎಂದು ಅಳೆದರು.

ಒಂದು ಮಿತಿ ದಾಟಿದ ಮೇಲೆ ಎಷ್ಟೇ ಒತ್ತಿದರೂ ಅನಿಲ ಮತ್ತೆ ದ್ರವವಾಗದು ಎಂಬುದನ್ನು 1860ರ ಸುಮಾರಿಗೆ ಅವರು ಗುರುತಿಸಿದರು. ಇಂದಿನ ಪಠ್ಯಪುಸ್ತಕಗಳಲ್ಲಿ ಈ ಮಿತಿಗೆ ಕ್ರಾಂತಿಕ ತಾಪಮಾನ ಎಂಬ ಹೆಸರಿದೆ.

50ಕ್ಕೆ 50 ಕೂಡಿಸಿದರೆ 100 ಆಗದ ಲೆಕ್ಕ

ಮೆಂಡಲೀವ್ ಹೆಸರಿನಲ್ಲೂ ಒಂದು ಫಾರ್ವರ್ಡ್ ಇದೆ. ವೋಡ್ಕಾದಲ್ಲಿ ಶೇ. 40 ಆಲ್ಕೋಹಾಲ್ ಇರಬೇಕೆಂದು ಕಂಡುಹಿಡಿದವರು ಇವರೇ ಎನ್ನುತ್ತದೆ ಅದು. ಇದು ಸುಳ್ಳು. ರಷ್ಯಾದ ತೆರಿಗೆ ನಿಯಮಗಳಲ್ಲಿ ಆ ಸಂಖ್ಯೆ 1840ರ ದಶಕದಲ್ಲೇ ಬಂದಿತ್ತು. ಆಗ ಮೆಂಡಲೀವ್ ಇನ್ನೂ ಬಾಲಕ.

ಹಾಗಾದರೆ ಕಥೆ ಹುಟ್ಟಿದ್ದು ಹೇಗೆ? 1865ರಲ್ಲಿ ಅವರು ಡಾಕ್ಟರೇಟ್‌ಗೆ ಬರೆದ ಪ್ರಬಂಧ ಆಲ್ಕೋಹಾಲ್ ಮತ್ತು ನೀರಿನ ಬೆರಕೆಯ ಮೇಲಿತ್ತು. 50 ಮಿಲಿಲೀಟರ್ ಆಲ್ಕೋಹಾಲ್‌ಗೆ 50 ಮಿಲಿಲೀಟರ್ ನೀರು ಸೇರಿಸಿದರೆ ಸಿಗುವುದು 100 ಅಲ್ಲ, ಸುಮಾರು 96. ಹಾಗಂತ ಏನೂ ಕಳೆದುಹೋಗಿಲ್ಲ. ಎರಡನ್ನೂ ತಕ್ಕಡಿಯಲ್ಲಿಟ್ಟರೆ ಬೆರೆಸುವ ಮೊದಲು ಮತ್ತು ನಂತರ ತೂಕ ಅಷ್ಟೇ. ಕುಗ್ಗಿದ್ದು ಜಾಗ ಮಾತ್ರ.

ಮೆಂಡಲೀವ್ ಈ ಕುಗ್ಗುವಿಕೆಯನ್ನು ಬೇರೆ ಬೇರೆ ಪ್ರಮಾಣಗಳಲ್ಲಿ, ಬೇರೆ ಬೇರೆ ತಾಪಮಾನಗಳಲ್ಲಿ ಬಹಳ ಎಚ್ಚರಿಕೆಯಿಂದ ಅಳೆದರು. ಗಾತ್ರವನ್ನು ನಂಬುವ ಮುನ್ನ ತಾಪಮಾನ ಕೇಳಬೇಕು, ತೂಕವನ್ನು ಕೇಳದೆಯೂ ನಂಬಬಹುದು ಎಂಬ ಪಾಠ ಈ ಕೆಲಸದಲ್ಲಿದೆ.

ಕೋಷ್ಟಕವನ್ನು ಉಳಿಸಿದ ಸಾಂದ್ರತೆ

1867ರಲ್ಲಿ ಅವರು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪೀಠಕ್ಕೆ ಬಂದರು, 1869ರಲ್ಲಿ ಆವರ್ತ ಕೋಷ್ಟಕ ಪ್ರಕಟಿಸಿದರು. ಅದರಲ್ಲಿ ಕೆಲವು ಮನೆಗಳನ್ನು ಖಾಲಿ ಬಿಟ್ಟಿದ್ದರು. ಅಲ್ಲಿ ಇನ್ನೂ ಸಿಗದ ಮೂಲವಸ್ತುಗಳು ಕೂರಬೇಕು ಎಂಬುದು ಅವರ ವಾದ. ಅವಕ್ಕೆ ಏಕ-ಅಲ್ಯುಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ಹೆಸರಿಟ್ಟರು. ಹೌದು, ನಮ್ಮ ಏಕ, ದ್ವಿ, ತ್ರಿಯ ಏಕವೇ. ಸಂಸ್ಕೃತದ ಸಂಖ್ಯಾಪದ ಬಳಸಿದ್ದು ನಿಜ. ಅದರಿಂದ ಕೋಷ್ಟಕವೇ ಸಂಸ್ಕೃತ ಗ್ರಂಥದಿಂದ ಬಂತು ಎನ್ನುವ ಫಾರ್ವರ್ಡ್‌ಗೆ ಮಾತ್ರ ಆಧಾರವಿಲ್ಲ.

1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಗ್ಯಾಲಿಯಂ ಎಂಬ ಹೊಸ ಲೋಹ ಕಂಡುಹಿಡಿದರು. ಅದರ ಸಾಂದ್ರತೆ ನೀರಿನ 4.7 ಪಟ್ಟು ಎಂದು ಅಳೆದರು. ಆ ಲೋಹವನ್ನು ಕಣ್ಣಿನಿಂದಲೂ ನೋಡದ ಮೆಂಡಲೀವ್, ಇದು ನನ್ನ ಏಕ-ಅಲ್ಯುಮಿನಿಯಂ, ಸಾಂದ್ರತೆ 5.9ರ ಹತ್ತಿರ ಇರಬೇಕು, ಮತ್ತೊಮ್ಮೆ ಅಳೆಯಿರಿ ಎಂಬರ್ಥದಲ್ಲಿ ತಿಳಿಸಿದರು. ಲೋಹವನ್ನು ಚೆನ್ನಾಗಿ ಶುದ್ಧ ಮಾಡಿ ಮತ್ತೆ ಅಳೆದಾಗ ಬಂದಿದ್ದು 5.9. ಕೋಷ್ಟಕದ ಮೇಲೆ ಜಗತ್ತಿಗೆ ನಂಬಿಕೆ ಕೂತ ಗಳಿಗೆಗಳಲ್ಲಿ ಇದು ಒಂದು.

ಬಾಕು ತೈಲ: ಪೂಡ್ ಒಂದು ಕಡೆ, ಬ್ಯಾರೆಲ್ ಇನ್ನೊಂದು ಕಡೆ

ಇನ್ನು ಇಂಧನಕ್ಕೆ ಬರೋಣ. 1863ರಲ್ಲಿ ಕೊಕೊರೆವ್ ಎಂಬ ಉದ್ಯಮಿ ಮೆಂಡಲೀವ್ ಅವರನ್ನು ಕ್ಯಾಸ್ಪಿಯನ್ ಸಮುದ್ರದ ದಡದ ಬಾಕುವಿಗೆ ಕರೆಸಿಕೊಂಡರು. ಈಗ ಅದು ಅಜರ್‌ಬೈಜಾನ್ ದೇಶದ ರಾಜಧಾನಿ. ಆ ಕಾಲದಲ್ಲಿ ಅಲ್ಲಿ ತೈಲವನ್ನು ಬಾವಿಯಿಂದ ಎತ್ತಿ, ಚರ್ಮದ ಚೀಲಗಳಲ್ಲಿ ತುಂಬಿ, ಗಾಡಿಯ ಮೇಲೆ ಸಾಗಿಸುತ್ತಿದ್ದರು. ಬಾವಿಯಿಂದ ಸಂಸ್ಕರಣಾಗಾರಕ್ಕೆ, ಅಲ್ಲಿಂದ ಸಮುದ್ರಕ್ಕೆ ಕೊಳವೆ ಹಾಕಿ, ಪೀಪಾಯಿ ಬಿಟ್ಟು ಹಡಗಿನ ಟ್ಯಾಂಕ್‌ಗಳಲ್ಲೇ ತುಂಬಿಸಿ ಎಂಬುದು ಅವರ ಸಲಹೆಯಾಗಿತ್ತು. ಮುಂದೆ ತೈಲ ಉದ್ಯಮ ಸಾಗಿದ್ದು ಅದೇ ದಾರಿಯಲ್ಲಿ.

1876ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿ ಅಲ್ಲಿನ ತೈಲ ಉದ್ಯಮ ನೋಡಿ, ಮರುವರ್ಷ ಅದರ ಬಗ್ಗೆ ಪುಸ್ತಕ ಬರೆದರು. ರಷ್ಯಾದಲ್ಲಿ ತೈಲದ ಲೆಕ್ಕ ಪೂಡ್‌ನಲ್ಲಿ ಇತ್ತು, ಅದು ತೂಕ, ಒಂದು ಪೂಡ್ ಅಂದರೆ ಸುಮಾರು 16.4 ಕಿಲೋ. ಅಮೆರಿಕದಲ್ಲಿ ಲೆಕ್ಕ ಬ್ಯಾರೆಲ್‌ನಲ್ಲಿ, ಅದು ಗಾತ್ರ, ಸುಮಾರು 159 ಲೀಟರ್. ಎರಡನ್ನು ಹೋಲಿಸಬೇಕಾದರೆ ತೈಲದ ಸಾಂದ್ರತೆ ಗೊತ್ತಿರಲೇಬೇಕು. ಇದೇ ಎರಡು ಭಾಷೆ ಇಂದಿಗೂ ಉಳಿದಿದೆ. ಕಚ್ಚಾತೈಲದ ದರ ಬ್ಯಾರೆಲ್‌ನಲ್ಲಿ, ದೇಶದ ಬಳಕೆಯ ಅಂಕಿಅಂಶ ಟನ್‌ನಲ್ಲಿ, ನಮ್ಮ ಬಿಲ್ಲು ಲೀಟರ್‌ನಲ್ಲಿ.

ಎಲ್ಲದರಲ್ಲೂ ಅವರು ಸರಿಯಾಗಿದ್ದರು ಎಂದಲ್ಲ. ಭೂಮಿಯ ಆಳದಲ್ಲಿ ನೀರು ಮತ್ತು ಲೋಹದ ಕಾರ್ಬೈಡ್ ಸೇರಿ ತೈಲ ಹುಟ್ಟುತ್ತದೆ ಎಂದು ಅವರು ನಂಬಿದ್ದರು. ಪುರಾತನ ಜೀವಿಗಳ ಅವಶೇಷದಿಂದ ತೈಲ ಆಯಿತು ಎಂಬುದು ಇಂದು ವಿಜ್ಞಾನಿಗಳು ಒಪ್ಪಿರುವ ವಿವರಣೆ.

ಪರಿವರ್ತನೆ ಮಾಡುವುದು ಹೇಗೆ?

ಸೂತ್ರ ಒಂದೇ ಸಾಲಿನದು: ಲೀಟರ್ ಗುಣಿಸು ಸಾಂದ್ರತೆ ಅಂದರೆ ಕಿಲೋ. ಹರಿವಿಗೂ ಇದೇ. ನಿಮಿಷಕ್ಕೆ ಎಷ್ಟು ಲೀಟರ್ ಎಂಬುದನ್ನು ಸಾಂದ್ರತೆಯಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಕಿಲೋ ಎಂದು ಸಿಗುತ್ತದೆ.

ಒಂದು ಬಂಕ್‌ನ ಪೈಪಿನಿಂದ ನಿಮಿಷಕ್ಕೆ 40 ಲೀಟರ್ ಪೆಟ್ರೋಲ್ ಹರಿಯುತ್ತಿದೆ ಎನ್ನೋಣ. 15 ಡಿಗ್ರಿಯಲ್ಲಿ ಅದರ ಸಾಂದ್ರತೆ ಲೀಟರ್‌ಗೆ 0.745 ಕಿಲೋ ಇದ್ದರೆ, ಹರಿವು ನಿಮಿಷಕ್ಕೆ 29.8 ಕಿಲೋ. ಅದೇ ಪೆಟ್ರೋಲ್ 35 ಡಿಗ್ರಿಗೆ ಬಿಸಿಯಾದರೆ ಸಾಂದ್ರತೆ ಸುಮಾರು 0.731ಕ್ಕೆ ಇಳಿಯುತ್ತದೆ, ಹರಿವು ಸುಮಾರು 29.2 ಕಿಲೋ ಆಗುತ್ತದೆ. ಮೀಟರ್ ಮಾತ್ರ ಎರಡೂ ಸಲ 40 ಲೀಟರ್ ಅಂತಲೇ ತೋರಿಸುತ್ತದೆ. ಡೀಸೆಲ್ ಹೆಚ್ಚು ಭಾರ, ಲೀಟರ್‌ಗೆ ಸುಮಾರು 0.83 ಕಿಲೋ. ಗಂಟೆಗೆ 5 ಲೀಟರ್ ಕುಡಿಯುವ ಟ್ರ್ಯಾಕ್ಟರ್ ಗಂಟೆಗೆ ಸುಮಾರು 4.15 ಕಿಲೋ ಡೀಸೆಲ್ ಉರಿಸುತ್ತದೆ.

ನೆನಪಿಡಬೇಕಾದ ನಿಯಮ ಎರಡು. ಹರಿಯುತ್ತಿರುವಾಗ ಇಂಧನ ಎಷ್ಟು ಬಿಸಿ ಇದೆಯೋ ಆ ತಾಪಮಾನದ ಸಾಂದ್ರತೆಯನ್ನೇ ಬಳಸಬೇಕು. ಮತ್ತು ಯಾವ ಏಕಮಾನ ಎಂದು ನೋಡಿಕೊಳ್ಳಬೇಕು.

ಎರಡನೆಯದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ 1983ರ ಜುಲೈ 23ರ ಘಟನೆ ಸಾಕ್ಷಿ. ಏರ್ ಕೆನಡಾದ ಒಂದು ವಿಮಾನಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಲೀಟರ್‌ನಿಂದ ಕಿಲೋಗೆ ತರಲು 0.803ರಿಂದ ಗುಣಿಸಬೇಕಿತ್ತು. ಬಳಸಿದ್ದು 1.77, ಅದು ಲೀಟರ್‌ನಿಂದ ಪೌಂಡ್‌ಗೆ ತರುವ ಸಂಖ್ಯೆ. ಬೇಕಿದ್ದುದರ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ವಿಮಾನ ಹಾರಿತು, ನಡು ಆಕಾಶದಲ್ಲಿ ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ಗಿಮ್ಲಿ ಎಂಬಲ್ಲಿ ವಿಮಾನವನ್ನು ತೇಲಿಸಿಯೇ ಇಳಿಸಿದರು. ಒಳಗಿದ್ದ 69 ಜನರೂ ಬದುಕಿದರು.

ಹಿಗ್ಗುವಿಕೆಯ ಸೂತ್ರ, ಒದ್ದೆಯಾದ ಬಲೂನು

ದ್ರವ ಬಿಸಿಯಾದಂತೆ ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ಮೆಂಡಲೀವ್ 1884ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಪ್ರತಿ ದ್ರವಕ್ಕೂ ಒಂದೊಂದು ಹಿಗ್ಗುವಿಕೆಯ ಸಂಖ್ಯೆ ಇದೆ, ಅದು ಗೊತ್ತಿದ್ದರೆ ಯಾವ ತಾಪಮಾನದ ಗಾತ್ರವನ್ನೂ ಲೆಕ್ಕ ಹಾಕಬಹುದು ಎಂಬುದು ಅದರ ಅರ್ಥ. ಇಂದು ತೈಲ ಕಂಪನಿಗಳು ಬಳಸುವ ಕೋಷ್ಟಕಗಳು ನಂತರದ ಅಳತೆಗಳಿಂದ ಸಿದ್ಧವಾದವು. ಅವು ಉತ್ತರಿಸುವ ಪ್ರಶ್ನೆ ಮಾತ್ರ ಅದೇ.

ಅನಿಲಗಳ ವಿಷಯದಲ್ಲಿ ಲೆಕ್ಕ ಇನ್ನೂ ಬಿಗಿ, ಏಕೆಂದರೆ ಅಲ್ಲಿ ತಾಪಮಾನದ ಜೊತೆ ಒತ್ತಡವೂ ಸೇರುತ್ತದೆ. ಒತ್ತಡ, ಗಾತ್ರ, ತಾಪಮಾನ ಮೂರನ್ನೂ ಎಲ್ಲ ಅನಿಲಗಳಿಗೆ ಒಂದೇ ಸ್ಥಿರಾಂಕದಿಂದ ಜೋಡಿಸುವ ಸಮೀಕರಣವನ್ನು ಅವರು 1874ರಲ್ಲಿ ಬರೆದರು. ರಷ್ಯಾದಲ್ಲಿ ಅದಕ್ಕೆ ಇಂದಿಗೂ ಅವರ ಹೆಸರು ಸೇರಿದೆ. ಗಾತ್ರ ಇಷ್ಟು ಬದಲಾಗುವುದರಿಂದಲೇ ನಿಮ್ಮ ಅಡುಗೆ ಸಿಲಿಂಡರ್ ಮೇಲೆ ಲೀಟರ್ ಇಲ್ಲ, 14.2 ಕಿಲೋ ಎಂದಿದೆ. ಸಿಎನ್‌ಜಿ ಸಹ ಕಿಲೋ ಲೆಕ್ಕದಲ್ಲೇ ಸಿಗುತ್ತದೆ. ಅಲ್ಲಿನ ಮೀಟರ್ ಹರಿಯುವ ಅನಿಲದ ತೂಕವನ್ನೇ ನೇರವಾಗಿ ಅಳೆಯುತ್ತದೆ.

1887ರ ಆಗಸ್ಟ್‌ನಲ್ಲಿ ಸೂರ್ಯಗ್ರಹಣ ನೋಡಲು ಅವರು ಕ್ಲಿನ್ ಎಂಬ ಊರಿನಿಂದ ಜಲಜನಕದ ಬಲೂನು ಏರಬೇಕಿತ್ತು. ರಾತ್ರಿ ಮಳೆಯಾಗಿ ಬಲೂನು ಒದ್ದೆಯಾಗಿತ್ತು. ಇಬ್ಬರನ್ನು ಎತ್ತುವ ಶಕ್ತಿ ಅದಕ್ಕಿರಲಿಲ್ಲ. 53 ವರ್ಷದ ಮೆಂಡಲೀವ್ ಬಲೂನು ನಡೆಸಬೇಕಿದ್ದವರನ್ನು ಕೆಳಗಿಳಿಸಿ, ಅನುಭವವಿಲ್ಲದಿದ್ದರೂ ಒಬ್ಬರೇ ಹಾರಿದರು. ಸುರಕ್ಷಿತವಾಗಿ ಇಳಿದರು.

ಪೀಠ ಬಿಟ್ಟು ತಕ್ಕಡಿಯ ಕಡೆಗೆ

ಹೆಸರು ಬಂದಷ್ಟು ಸುಲಭವಾಗಿ ಮನ್ನಣೆ ಬರಲಿಲ್ಲ. 1880ರಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿ ಮತದಾನದಲ್ಲಿ ಅವರನ್ನು ಹೊರಗಿಟ್ಟಿತು. 1890ರಲ್ಲಿ ವಿದ್ಯಾರ್ಥಿಗಳು ತಮ್ಮ ಬೇಡಿಕೆಗಳ ಅರ್ಜಿಯನ್ನು ಶಿಕ್ಷಣ ಸಚಿವರಿಗೆ ತಲುಪಿಸಲು ಕೇಳಿದಾಗ ಅವರು ಒಪ್ಪಿಕೊಂಡರು. ಸಚಿವರು ಅದನ್ನು ವಾಪಸ್ ಕಳಿಸಿದರು. ಮೆಂಡಲೀವ್ ವಿಶ್ವವಿದ್ಯಾಲಯವನ್ನೇ ಬಿಟ್ಟರು.

ಎರಡು ವರ್ಷಗಳ ನಂತರ, 1892ರಲ್ಲಿ, ದೇಶದ ಮಾದರಿ ತೂಕ ಮತ್ತು ಅಳತೆಗಳನ್ನು ಕಾಯುವ ಕಚೇರಿಯ ಹೊಣೆ ಅವರಿಗೆ ಬಂತು. ನಿವೃತ್ತಿಯ ಕುರ್ಚಿಯಂತೆ ಕಾಣುವ ಆ ಹುದ್ದೆಯನ್ನು ಅವರು ಸಂಶೋಧನಾ ಸಂಸ್ಥೆಯಾಗಿ ಬದಲಿಸಿದರು. ಹಳೆಯ ಮಾದರಿಗಳನ್ನು ಹೊಸದಾಗಿ ಮಾಡಿಸಿದರು. 1899ರ ಕಾನೂನಿನಿಂದ ರಷ್ಯಾದಲ್ಲಿ ಬಯಸಿದವರು ಮೀಟರ್, ಕಿಲೋಗ್ರಾಂ ಬಳಸಲು ಅವಕಾಶವಾಯಿತು. ಅಂಗಡಿಯ ತೂಕದ ಬಟ್ಟು, ಅಳತೆಪಾತ್ರೆಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಸ್ಥಳೀಯ ಕಚೇರಿಗಳು ತೆರೆದವು. ಕೊಳ್ಳುವವನ ಎದುರಿಗೆ ವಿಜ್ಞಾನಿ ನಿಲ್ಲುವುದಿಲ್ಲ, ಮುದ್ರೆ ನಿಲ್ಲುತ್ತದೆ. ಅವರ ಕೊನೆಯ 15 ವರ್ಷ ಆ ಮುದ್ರೆಗೆ ಬೆಲೆ ತರುವುದರಲ್ಲಿ ಕಳೆದವು.

1906ರಲ್ಲಿ ಅವರ ಹೆಸರು ನೊಬೆಲ್ ಪ್ರಶಸ್ತಿಯ ಹತ್ತಿರ ಬಂದು ತಪ್ಪಿತು. 1907ರ ಫೆಬ್ರುವರಿ 2ರಂದು ಅವರು ತೀರಿಕೊಂಡರು. 1955ರಲ್ಲಿ ಸೃಷ್ಟಿಯಾದ 101ನೇ ಮೂಲವಸ್ತುವಿಗೆ ಮೆಂಡಲೀವಿಯಂ ಎಂದು ಹೆಸರಿಡಲಾಯಿತು.

ಹಾಗಾದರೆ ಬೆಳಗಿನ ಪೆಟ್ರೋಲ್?

ಈಗ ಫಾರ್ವರ್ಡ್ ಸಂದೇಶವನ್ನು ಲೆಕ್ಕಕ್ಕೆ ಹಚ್ಚೋಣ. ಪೆಟ್ರೋಲ್ ಒಂದು ಡಿಗ್ರಿ ಬಿಸಿಯಾದರೆ ಲೀಟರ್‌ಗೆ ಸುಮಾರು 1 ಮಿಲಿಲೀಟರ್ ಹಿಗ್ಗುತ್ತದೆ. ಅಂದರೆ 10 ಲೀಟರ್‌ಗೆ 10 ಮಿಲಿಲೀಟರ್ ಆಸುಪಾಸು. ಲೀಟರ್‌ಗೆ 100 ರೂಪಾಯಿ ಎಂದು ಹಿಡಿದರೆ ಅದರ ಬೆಲೆ ಒಂದು ರೂಪಾಯಿ. ಡೀಸೆಲ್ ಹಿಗ್ಗುವುದು ಇನ್ನೂ ಸ್ವಲ್ಪ ಕಡಿಮೆ.

ಬಂಕ್‌ನ ಇಂಧನ ಬಿಸಿಲಿನಲ್ಲಿ ನಿಂತಿರುವುದಿಲ್ಲ, ನೆಲದಡಿಯ ದೊಡ್ಡ ಟ್ಯಾಂಕ್‌ನಲ್ಲಿರುತ್ತದೆ. ಮಧ್ಯಾಹ್ನ ರಸ್ತೆ ಕಾದು ಕೆಂಡವಾದರೂ ಕೆಳಗಿನ ಇಂಧನದ ತಾಪಮಾನ ಬೆಳಗ್ಗೆಗೂ ಸಂಜೆಗೂ ಹೆಚ್ಚೇನೂ ಬದಲಾಗುವುದಿಲ್ಲ. ಹಿರೇಕೆರೂರಿನ ಹಳ್ಳಿಯಿಂದ ಬೆಳಗಿನ ಜಾವ ಬೈಕ್ ತೆಗೆದುಕೊಂಡು ಬಂಕ್‌ಗೆ ಹೋಗಿ ಬಂದರೆ, ಆ ಓಡಾಟಕ್ಕೆ ಖರ್ಚಾಗುವ ಪೆಟ್ರೋಲ್ ಉಳಿತಾಯಕ್ಕಿಂತ ಹೆಚ್ಚು.

ತಾಪಮಾನ ನಿಜವಾಗಿ ಲೆಕ್ಕಕ್ಕೆ ಬರುವುದು ದೊಡ್ಡ ಗಾತ್ರದಲ್ಲಿ. 12,000 ಲೀಟರ್ ಪೆಟ್ರೋಲ್ ತುಂಬಿದ ಟ್ಯಾಂಕರ್‌ನಲ್ಲಿ 10 ಡಿಗ್ರಿ ವ್ಯತ್ಯಾಸ ಅಂದರೆ 100 ಲೀಟರ್‌ಗೂ ಹೆಚ್ಚು. ಅದಕ್ಕಾಗಿಯೇ ಟ್ಯಾಂಕರ್ ಬಂದಾಗ ಅಳೆದ ಸಾಂದ್ರತೆಯನ್ನು 15 ಡಿಗ್ರಿಗೆ ಪರಿವರ್ತಿಸಿ ಬರೆದಿಡುತ್ತಾರೆ.

ಬಂಕ್‌ನಲ್ಲಿ ನೀವು ನೋಡಬೇಕಾದದ್ದು

ಗಡಿಯಾರ ನೋಡುವ ಬದಲು ಇವನ್ನು ನೋಡಿ.

1. ಮೀಟರ್ ಸೊನ್ನೆಯಿಂದ ಶುರುವಾಗಿದೆಯೇ ಎಂದು ಖಚಿತ ಮಾಡಿಕೊಳ್ಳಿ.

2. ಅಳತೆಯ ಮೇಲೆ ಅನುಮಾನ ಬಂದರೆ ಮುದ್ರೆ ಇರುವ 5 ಲೀಟರ್ ಅಳತೆಪಾತ್ರೆಯಲ್ಲಿ ಹಿಡಿದು ತೋರಿಸಲು ಕೇಳಿ. 5 ಲೀಟರ್‌ಗೆ 25 ಮಿಲಿಲೀಟರ್‌ವರೆಗಿನ ವ್ಯತ್ಯಾಸ ಮಾತ್ರ ನಿಯಮದೊಳಗೆ ಬರುತ್ತದೆ. ಅದಕ್ಕಿಂತ ಕಡಿಮೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು.

3. ಕಲಬೆರಕೆಯ ಅನುಮಾನವಿದ್ದರೆ ಫಿಲ್ಟರ್ ಪೇಪರ್ ಪರೀಕ್ಷೆ ಮತ್ತು ಸಾಂದ್ರತೆಯ ಪರೀಕ್ಷೆ ಕೇಳುವ ಹಕ್ಕು ಗ್ರಾಹಕರಿಗಿದೆ.

ಸಾಂದ್ರತೆ ನೋಡುವಾಗ ಒಂದು ಎಚ್ಚರಿಕೆ. ಜಾಡಿಯಲ್ಲಿ ತೇಲುವ ಮಾಪಕ 733 ತೋರಿಸುತ್ತಿದೆ, ಫಲಕದಲ್ಲಿ 743 ಎಂದಿದೆ ಅಂದರೆ ತಕ್ಷಣ ಮೋಸ ಎಂದು ವಿಡಿಯೋ ಮಾಡಬೇಡಿ. ಜೊತೆಗಿರುವ ಥರ್ಮಾಮೀಟರ್ ನೋಡಿ. ಅದು 30 ಡಿಗ್ರಿ ತೋರಿಸುತ್ತಿದ್ದರೆ, 733 ಎಂಬುದು 15 ಡಿಗ್ರಿಗೆ ಪರಿವರ್ತಿಸಿದಾಗ ಸುಮಾರು 743 ಆಗುತ್ತದೆ. ಎರಡೂ ಒಂದೇ ಪೆಟ್ರೋಲ್. ಪರಿವರ್ತಿಸಿದ ಮೇಲೂ 3ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆಗ ಪ್ರಶ್ನೆ ಕೇಳಿ.

ಸಾಂದ್ರತೆ ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚು ಒಳ್ಳೆಯದು ಎಂಬುದೂ ತಪ್ಪು. ನಿಯಮದ ಪ್ರಕಾರ 15 ಡಿಗ್ರಿಯಲ್ಲಿ ಪೆಟ್ರೋಲ್ ಸಾಂದ್ರತೆ 720ರಿಂದ 775ರೊಳಗೆ ಎಲ್ಲಿ ಬೇಕಾದರೂ ಇರಬಹುದು. ಈಗ ಪೆಟ್ರೋಲ್‌ಗೆ ಬೆರೆಸುತ್ತಿರುವ ಎಥನಾಲ್ ಪೆಟ್ರೋಲ್‌ಗಿಂತ ಭಾರ, ಆದರೆ ಲೀಟರ್‌ಗೆ ಅದು ಕೊಡುವ ಶಕ್ತಿ ಪೆಟ್ರೋಲ್‌ಗಿಂತ ಕಡಿಮೆ.

ಬೆಳಗಿನ ಪೆಟ್ರೋಲ್ ಸಂದೇಶದಲ್ಲಿ ವಿಜ್ಞಾನ ಇದೆ, ಪ್ರಮಾಣ ಇಲ್ಲ. ಹಿಗ್ಗುತ್ತದೆ ಎಂಬುದು ಅರ್ಧ ಉತ್ತರ. ಎಷ್ಟು ಹಿಗ್ಗುತ್ತದೆ ಎಂದು ಅಳೆದಾಗ ಉಳಿದರ್ಧ ಸಿಗುತ್ತದೆ. ಮೆಂಡಲೀವ್ ಐವತ್ತು ವರ್ಷ ಮಾಡಿದ್ದು ಆ ಉಳಿದರ್ಧದ ಕೆಲಸ. ಮುಂದಿನ ಬಾರಿ ಆ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಒತ್ತುವ ಮುನ್ನ ಈ ಲೆಕ್ಕವನ್ನು ಕಳಿಸಿ: 10 ಲೀಟರ್‌ಗೆ, ಒಂದು ಡಿಗ್ರಿಗೆ, ಒಂದು ರೂಪಾಯಿ.